ಮೌನದ ಸರದಿ

ಐಲಿ ಕೊಸ್ಕೆಲಾ ಎಂಬ ನಾಲ್ಕು ವರ್ಷದ ಹುಡುಗಿ ಏಪ್ರಿಲ್ ತಿಂಗಳಲ್ಲಿ ಇಲ್ಲದ ಸದ್ದನ್ನು ಕೇಳಿಸಿಕೊಳ್ಳತೊಡಗಿದಳು. ಅದಕ್ಕಾಗಿ ಮೊದಲು ಬೈಸಿಕೊಂಡವಳು ನಾನು.

"ನಿನ್ನ ಹುಬ್ಬು ಮಾತಾಡ್ತಾ ಇದೆ ಮಾರ್ಗೊ," ಎಂದರು ಡಾಕ್ಟರ್ ಮಲ್ಲೋಯ್. "ಬಾಯಿ ಮುಚ್ಚಿಕೊಂಡಿದೀಯ, ಸಂತೋಷ. ಹುಬ್ಬಿಗೆ ಯಾರು ಬೀಗ ಹಾಕಬೇಕು?"

ಹೆಸ್ಟರ್ ಮಲ್ಲೋಯ್ ನಮಗೆ ಗುರು. ಕಿವಿ ಕೇಳದೆ ಹುಟ್ಟಿದ ಮಕ್ಕಳಿಗೆ ಮಾತು ಕಲಿಸುವುದನ್ನು ನಮಗೆ ಕಲಿಸುವವರು. ಅರವತ್ತು ದಾಟಿದ್ದರೂ ಮಕ್ಕಳ ಕುರ್ಚಿಯ ಮೇಲೆ ಮಂಡಿ ಮಡಚಿ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ನಾನು ಹಿಬ್ಬಿಂಗ್ ಎಂಬ ಗಣಿ ಊರಿನಲ್ಲಿ ಅಪ್ಪನ ಬಾರಿನಲ್ಲಿ ಗಣಿ ಕೆಲಸಗಾರರಿಗೆ ಬಿಯರ್ ಸುರಿದುಕೊಟ್ಟು ವರ್ಷಗಟ್ಟಲೆ ಕಳೆದು, ಮೂವತ್ತು ದಾಟಿದ ಮೇಲೆ ಸರೋವರದ ದಂಡೆಯ ಡುಲೂತ್ ಪಟ್ಟಣಕ್ಕೆ ಬಂದು ಈ ಸ್ನಾತಕೋತ್ತರ ತರಗತಿಗೆ ಸೇರಿದವಳು. ಕುಡಿದವರ ತೊದಲನ್ನು ಅರ್ಥಮಾಡಿಕೊಂಡವಳಿಗೆ ಮಕ್ಕಳ ತೊದಲು ಯಾವ ಲೆಕ್ಕ ಅಂದುಕೊಂಡಿದ್ದೆ. ಮೊದಲ ವಾರದಲ್ಲೇ ಆ ಜಂಬ ಇಳಿದುಹೋಯಿತು.

ನಮ್ಮ ಶಾಲೆಯಲ್ಲಿ ಪ್ರತಿ ಬೆಳಿಗ್ಗೆ ಪಾಠಕ್ಕೆ ಮೊದಲು ಒಂದು ಆಟ ನಡೆಯುತ್ತದೆ. ಮಗು ಒಂದು ಮರದ ತುಂಡನ್ನು ಕೆನ್ನೆಗೆ ಒತ್ತಿ ಹಿಡಿದು ಕೂತಿರುತ್ತದೆ. ಆಪರೇಷನ್ ಮಾಡಿ ತಲೆಯೊಳಗೆ ಕೂರಿಸಿದ ಕೇಳುವ ಯಂತ್ರ, ಅಂದರೆ ಇಂಪ್ಲಾಂಟ್, ಇರುವ ಕಿವಿಯ ಪಕ್ಕದಲ್ಲಿ ನಾವು ಕೂರುತ್ತೇವೆ. ಕಸೂತಿ ಹಾಕುವ ಬಳೆಗೆ ಕಪ್ಪು ಬಟ್ಟೆ ಬಿಗಿದು ಅದನ್ನು ಬಾಯಿಗೆ ಅಡ್ಡ ಹಿಡಿಯುತ್ತೇವೆ, ಮಗು ತುಟಿ ನೋಡಿ ಊಹಿಸಬಾರದಲ್ಲ. ಆಮೇಲೆ ಆ, ಊ, ಈ, ಶ್, ಸ್, ಮ್ ಎಂಬ ಸದ್ದುಗಳಲ್ಲಿ ಒಂದನ್ನು ಮೆಲ್ಲಗೆ ಹೇಳುತ್ತೇವೆ. ಕೇಳಿಸಿದರೆ ಮಗು ತುಂಡನ್ನು ಬಕೆಟ್ಟಿಗೆ ಹಾಕುತ್ತದೆ. ನಡುವೆ ಒಂದು ಸಲ ಬಳೆ ಎತ್ತಿ ಹಿಡಿದು ಏನನ್ನೂ ಹೇಳದೆ ಸುಮ್ಮನಿರುತ್ತೇವೆ. ಅದು ಮೌನದ ಸರದಿ. ಆಗ ಮಗು ತುಂಡನ್ನು ಹಾಕಬಾರದು. ಹಾಕಿದರೆ ಮಗು ಕೇಳಿಸಿಕೊಳ್ಳುತ್ತಿಲ್ಲ, ನಮ್ಮ ಮುಖ ಓದುತ್ತಿದೆ ಎಂದರ್ಥ. ಅಲ್ಲಿಯವರೆಗೆ ಸರಿ ಹೇಳಿದ್ದೆಲ್ಲ ನೀರಲ್ಲಿ ಹೋಮ.

ಐಲಿ ಮೌನದ ಸರದಿಯಲ್ಲಿ ತುಂಡು ಹಾಕುತ್ತಿದ್ದಳು.

ಊಹೆ ಮಾಡುವ ಮಕ್ಕಳನ್ನು ನಾನು ನೋಡಿದ್ದೇನೆ. ಅವು ಕಳ್ಳ ಬೆಕ್ಕಿನಂತೆ ಓರೆಗಣ್ಣಲ್ಲಿ ನಮ್ಮ ಮುಖ ನೋಡುತ್ತವೆ. ಐಲಿ ನನ್ನತ್ತ ತಿರುಗುತ್ತಲೇ ಇರಲಿಲ್ಲ. ಎದುರು ಗೋಡೆಯ ದೊಡ್ಡ ಕನ್ನಡಿಯನ್ನು ನೋಡುತ್ತ, ತಲೆ ಒಂದಿಷ್ಟು ವಾಲಿಸಿ, ಮೆಲ್ಲಗೆ ನಕ್ಕು ತುಂಡನ್ನು ಬಕೆಟ್ಟಿಗೆ ಬಿಡುತ್ತಿದ್ದಳು.

ಆ ಕನ್ನಡಿ ನಮಗೆ ಕನ್ನಡಿ. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತವರಿಗೆ ಅದು ಬರೀ ಗಾಜು, ನಮ್ಮ ಕೋಣೆ ಪೂರ್ತಿ ಕಾಣುತ್ತದೆ. ನನ್ನ ಸಹಪಾಠಿ ಟೆರೆಲ್ ಅಲ್ಲಿ ಕೂತು ಮಗುವಿನ ಪ್ರತಿ ಉತ್ತರಕ್ಕೂ ಗುರುತು ಹಾಕುತ್ತಿದ್ದ. ಮನೆಯವರು ಬೇಕಾದರೆ ಅಲ್ಲಿ ಕೂತು ನೋಡಬಹುದು. ಆದರೆ ನಮ್ಮ ಪದ್ಧತಿಯಲ್ಲಿ ಮನೆಯವರ ಜಾಗ ಅಲ್ಲಲ್ಲ, ಮೇಜಿನ ಬಳಿ. ಮಗುವಿನ ಇನ್ನೊಂದು ಪಕ್ಕದಲ್ಲಿ ಒಂದು ದೊಡ್ಡ ಕುರ್ಚಿ ಹಾಕಿರುತ್ತೇವೆ. ಮಾತು ಕಲಿಸುವವರು ನಿಜವಾಗಿ ತಾಯಂದಿರೇ, ನಾವು ಅವರಿಗೆ ದಾರಿ ತೋರಿಸುವವರಷ್ಟೆ ಎಂದು ಡಾಕ್ಟರ್ ಮಲ್ಲೋಯ್ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ಕುರ್ಚಿಯನ್ನು ನಾವೆಲ್ಲ ಅಮ್ಮನ ಕುರ್ಚಿ ಎನ್ನುತ್ತಿದ್ದೆವು.

ಐಲಿಯ ಪಾಲಿಗೆ ಆ ಕುರ್ಚಿ ನವೆಂಬರಿನವರೆಗೆ ಸೈಮಾಳದು. ಒಂದು ವರ್ಷದ ಕೂಸಿದ್ದಾಗಲೇ ಮಗಳಿಗೆ ಆಪರೇಷನ್ ಮಾಡಿಸಿ, ತಪ್ಪದೆ ಕರೆತಂದ ತಾಯಿ. ಮಾತಿನಮಲ್ಲಿ. ಬಸ್ಸು, ಬೂಟು, ಬೆಣ್ಣೆ, ಕೈಗೆ ಸಿಕ್ಕಿದ್ದೆಲ್ಲದರ ಬಗ್ಗೆ ಮಗಳ ಕಿವಿಯಲ್ಲಿ ಸುರಿಯುತ್ತಲೇ ಇರುತ್ತಿದ್ದಳು. ಅವಳ ಕಾಲರಿನಲ್ಲಿ ಗುಂಡಿಯಷ್ಟು ದೊಡ್ಡ ಮೈಕು ಸಿಕ್ಕಿಸಿರುತ್ತಿತ್ತು. ಅದರಲ್ಲಿ ಆಡಿದ ಮಾತು ಗಾಳಿಯಲ್ಲಿ ಹೋಗುವುದಿಲ್ಲ, ನೇರವಾಗಿ ಮಗುವಿನ ಇಂಪ್ಲಾಂಟಿಗೆ ಹೋಗಿ ತಲೆಯೊಳಗೆ ಕೇಳಿಸುತ್ತದೆ. ಆಟದ ಬಯಲಿನ ಆ ತುದಿಯಲ್ಲಿ ನಿಂತು ಸೈಮಾ ಏನೋ ಪಿಸುಗುಟ್ಟಿದರೆ ಈ ತುದಿಯ ಜಾರುಬಂಡೆಯ ಮೇಲಿದ್ದ ಐಲಿ ತಿರುಗಿ ನಗುತ್ತಿದ್ದಳು. ನಮಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ತಾಯಿ ಮಗಳ ಗುಟ್ಟು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ನವೆಂಬರಿನಲ್ಲಿ ಹೆದ್ದಾರಿಯ ಮೇಲೆ ಹಿಮ ಗಾಜುಗಟ್ಟಿದ್ದ ಸಂಜೆ ಸೈಮಾಳ ಕಾರು ಜಾರಿ ಸೇತುವೆಯ ಕಂಬಕ್ಕೆ ಬಡಿಯಿತು. ಆಸ್ಪತ್ರೆಯಿಂದ ಅವಳು ಮರಳಲಿಲ್ಲ.

ಐಲಿಯ ಅಪ್ಪ ಡೆರೆಕ್ ಸರೋವರದಲ್ಲಿ ಅದಿರು ಸಾಗಿಸುವ ಹಡಗಿನವನು. ಚಳಿಗಾಲದಲ್ಲಿ ಹಡಗುಗಳು ಓಡುವುದಿಲ್ಲವಾದ್ದರಿಂದ ಅವನೇ ಮಗಳನ್ನು ಕರೆತಂದು ಅಮ್ಮನ ಕುರ್ಚಿಯಲ್ಲಿ ಮುದುಡಿ ಕೂರುತ್ತಿದ್ದ. ಒಳ್ಳೆಯವನು, ಆದರೆ ಬಾಯಿಗೆ ಬೀಗ. ಆ ದಿನಗಳಲ್ಲಿ ಐಲಿ ಮೌನದ ಸರದಿಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಅಳಲೂ ಇಲ್ಲ, ಅಮ್ಮ ಎಲ್ಲಿ ಎಂದು ಕೇಳಲೂ ಇಲ್ಲ. ಕೇಳುವಷ್ಟು ಮಾತು ಅವಳಲ್ಲಿರಲಿಲ್ಲ. ಅವಳಿಗೆ ಹೇಳಿದಿರಾ ಎಂದು ನಾನು ಡೆರೆಕ್‌ನನ್ನು ಕೇಳಿದ್ದೆ. "ಅವಳಿಗೆ ಬರೋ ಮಾತಲ್ಲಿ ಅದನ್ನ ಹೇಗೆ ಹೇಳೋದು?" ಎಂದು ಅವನು ನನ್ನನ್ನೇ ಕೇಳಿದ. ನಾಯಿ, ಚೆಂಡು, ಹಾಲು, ಮೇಲೆ, ಕೆಳಗೆ, ಇನ್ನೂ ಬೇಕು. ಅವಳ ಮಾತು ಅಷ್ಟೇ. ಇವುಗಳಲ್ಲಿ ಯಾವುದನ್ನು ಜೋಡಿಸಿದರೆ ಸಾವು ಆಗುತ್ತದೆ? ಇನ್ನಷ್ಟು ಮಾತು ಬರಲಿ, ಆಮೇಲೆ ಹೇಳೋಣ ಎಂದು ಎಲ್ಲರೂ ಮುಂದೂಡಿದೆವು.

ಹಿಮಗಡ್ಡೆ ಒಡೆದು ಹಡಗು ಹೊರಟಿತು. ಡೆರೆಕ್ ಅದರ ಜೊತೆ ಹೋದ. ಅಂದಿನಿಂದ ಐಲಿಯನ್ನು ಕರೆತರಲು ಬಂದವಳು ಅಜ್ಜಿ ಇರ್ಯಾ, ಸೈಮಾಳ ತಾಯಿ. ಇಲ್ಲಿನ ಫಿನ್ನಿಶ್ ಮನೆಗಳಲ್ಲಿ ಅಜ್ಜಿಯನ್ನು ಕರೆಯುವಂತೆ ಐಲಿ ಅವಳನ್ನು ಮುಮ್ಮೊ ಎನ್ನುತ್ತಿದ್ದಳು. ನಾವೂ ಹಾಗೇ ಕರೆದೆವು. ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಬೇಯಿಸಿದ ಬ್ರೆಡ್ಡನ್ನು ನಮಗೆಲ್ಲ ತಂದುಕೊಡುತ್ತಿದ್ದಳು. ಏಪ್ರಿಲ್ ಬಂದರೂ ಕೊರಳ ತುಂಬ ಉಣ್ಣೆಯ ಶಾಲು. ಅಮ್ಮನ ಕುರ್ಚಿಯನ್ನು ತೋರಿಸಿದಾಗ ಮುಟ್ಟಲೂ ಇಲ್ಲ.

"ಅದು ನನ್ನ ಮಗಳ ಜಾಗ," ಎಂದಳು. "ನಾನು ಹಿಂದೆ ಕೂತ್ಕೋತೀನಿ ಬಿಡಮ್ಮ."

ಕನ್ನಡಿಯ ಹಿಂದಿನ ಕತ್ತಲೆ ಕೋಣೆಯ ಮೂಲೆಯಲ್ಲಿ ಹೆಣಿಗೆ ಹಿಡಿದು ಕೂತಳು. ಖಾಲಿ ಕುರ್ಚಿ ಐಲಿಯ ಪಕ್ಕದಲ್ಲೇ ಉಳಿಯಿತು. ಅದೇ ವಾರ ಐಲಿ ಇಲ್ಲದ ಸದ್ದು ಕೇಳಿಸಿಕೊಳ್ಳತೊಡಗಿದ್ದು.

ಡಾಕ್ಟರ್ ಮಲ್ಲೋಯ್ ಮೊದಲು ನನ್ನ ಹುಬ್ಬನ್ನು ಅನುಮಾನಿಸಿದರು, ಆಮೇಲೆ ಭುಜವನ್ನು, ಆಮೇಲೆ ಉಸಿರನ್ನು. ನನ್ನನ್ನು ಮಗುವಿನ ಬೆನ್ನ ಹಿಂದೆ ಕೂರಿಸಿದರು. ಐಲಿ ಆಗಲೂ ಮೌನಕ್ಕೆ ತುಂಡು ಹಾಕಿದಳು. ಟೆರೆಲ್‌ನನ್ನು ನನ್ನ ಜಾಗಕ್ಕೆ ಕಳಿಸಿದರು. ಅವನು ಮರದ ಗೊಂಬೆಯಂತೆ ಕೂತ. ಅವಳು ಹಾಕಿದಳು. ಕೊನೆಗೆ ತಾವೇ ಕೂತರು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಅವರು ಮೌನ ಹಿಡಿದಾಗ ಐಲಿ ಕನ್ನಡಿಯತ್ತ ತಿರುಗಿ, ಯಾರನ್ನೋ ಗುರುತು ಹಿಡಿದವಳಂತೆ ಕಣ್ಣರಳಿಸಿ ತುಂಡು ಬಿಟ್ಟಳು. ಡಾಕ್ಟರ್ ಮಲ್ಲೋಯ್ ಬಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವರ ಬಾಯಿಂದ ಬೈಗುಳ ಬಾರದ ದಿನ ಅದೊಂದೇ.

"ಮುಂಚೆ ಈ ಕಟ್ಟಡದಲ್ಲಿ ಕ್ಷಯದ ರೋಗಿಗಳಿದ್ದರಂತೆ," ಎಂದ ಟೆರೆಲ್, ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ಅಗಿಯುತ್ತ. "ಅವರಲ್ಲಿ ಯಾರಾದರೂ ಇವಳ ಜೊತೆ ಹರಟೆ ಹೊಡೀತಿರಬಹುದು."

"ಹಾಗಾದ್ರೆ ನಿನ್ನ ಪಕ್ಕದಲ್ಲೇ ಕೂತಿರ್ತಾರೆ. ಸ್ಯಾಂಡ್‌ವಿಚ್‌ನಲ್ಲಿ ಪಾಲು ಕೊಡು."

"ನನ್ನ ಪಕ್ಕದಲ್ಲಿರೋದು ಮುಮ್ಮೊ ಒಬ್ಬಳೇ. ಹೆಣಿಗೆ ಹೆಣೀತಾ ಅದೇನೋ ಪ್ರಾರ್ಥನೆ ಗುನುಗ್ತಾ ಇರ್ತಾಳೆ. ಆ ಕತ್ತಲಲ್ಲಿ ಹೆಣಿಗೆ ಹೇಗೆ ಕಾಣುತ್ತೋ."

ನನ್ನ ಮನೆತನದಲ್ಲಿ ದೆವ್ವಗಳನ್ನು ನಂಬುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಟೆರೆಲ್‌ನ ಮಾತಿಗೆ ನಕ್ಕೆ. ಆದರೆ ಮರುದಿನ ನಡೆದದ್ದಕ್ಕೆ ನಗು ಬರಲಿಲ್ಲ.

ಸರೋವರದಿಂದ ಮಂಜು ಎದ್ದು ಕಿಟಕಿಗಳಿಗೆಲ್ಲ ಬೂದಿ ಬಳಿದಂತಿದ್ದ ಬೆಳಿಗ್ಗೆ ಅದು. ಆಟ ಮುಗಿಸಿ ನಾನು ಗೊಂಬೆಗಳನ್ನು ಜೋಡಿಸುತ್ತಿದ್ದೆ, ಮಾತಾಡುತ್ತಿರಲಿಲ್ಲ. ಐಲಿ ಎದ್ದು ಕನ್ನಡಿಯ ಬಳಿ ಹೋದಳು. ಗಾಜಿಗೆ ಎರಡೂ ಅಂಗೈ ಊರಿ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು.

"ನೋಡು, ಸೈಮಾ."

ನನ್ನ ಕೈಯಿಂದ ಗೊಂಬೆ ಜಾರಿತು. ಐಲಿಗೆ ಅವಳ ತಾಯಿ ಮಮಾ ಆಗಿದ್ದಳು. ಸೈಮಾ ಎಂಬ ಹೆಸರನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಶಾಲೆಯಲ್ಲಿ ನವೆಂಬರಿನಿಂದ ಆ ಹೆಸರನ್ನು ಯಾರೂ ಅವಳೆದುರು ಎತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸ್ ಎಂಬ ಸದ್ದು ಅವಳ ನಾಲಗೆಗೆ ಬಂದದ್ದೇ ಇಲ್ಲ. ಮಕ್ಕಳಿಗೆ ಅದು ತಟ್ಟನೆ ಕೇಳಿಸುವುದಿಲ್ಲ, ಅಷ್ಟು ತೆಳು. ಚಳಿಗಾಲವಿಡೀ ಹಾವಿನ ಆಟ ಆಡಿ, ಬಲೂನಿನ ಗಾಳಿ ಬಿಟ್ಟು ಹೆಣಗಿದರೂ ನನಗೆ ಆ ಸದ್ದು ಕೊಡದವಳು ಈಗ ಸತ್ತ ತಾಯಿಯ ಹೆಸರಿನಲ್ಲಿ ಅದನ್ನು ಕನ್ನಡಿಗೆ ಕೊಟ್ಟಿದ್ದಳು. ಬೇರೆ ದಿನವಾಗಿದ್ದರೆ ಎತ್ತಿಕೊಂಡು ಕುಣಿಯುತ್ತಿದ್ದೆ. ಅಂದು ಕೋಣೆಯ ಇನ್ನೊಂದು ದೀಪ ಹಾಕಿದೆ.

"ಐಲಿ, ಅಲ್ಲಿ ಯಾರಿದಾರೆ?"

ಅವಳು ನನ್ನತ್ತ ತಿರುಗಿ, ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

"ಮಮಾ," ಎಂದಳು.

ಅದನ್ನು ಡಾಕ್ಟರ್ ಮಲ್ಲೋಯ್‌ಗೆ ಹೇಳಿದೆ. ಅವರು ಸೋಮವಾರ ಮುಮ್ಮೊಳನ್ನು ತಮ್ಮ ಕೋಣೆಗೆ ಕರೆಸಿದರು. ನಾನೂ ಇದ್ದೆ.

"ಇಂಪ್ಲಾಂಟ್ ಕೆಟ್ಟಿರಬಹುದು ಅಂತ ಅನುಮಾನ," ಎಂದರು. "ಕೆಲವು ಸಲ ಹೀಗಾಗುತ್ತೆ. ಆಸ್ಪತ್ರೆಯ ಯಂತ್ರಕ್ಕೆ ಹಾಕಿ ನೋಡಿದ್ರೆ ಎಲ್ಲಾ ಸರಿ ಅಂತ ತೋರಿಸುತ್ತೆ. ಆದ್ರೆ ಮಗುವಿನ ತಲೆಯೊಳಗೆ ಅದು ತಾನಾಗೇ ಸದ್ದು ಮಾಡ್ತಿರುತ್ತೆ. ಗುಂಯ್ ಅನ್ನೋದು, ಪಿಸುಗುಟ್ಟೋದು. ಮಗುಗೆ ಅದು ಮಾತಿನ ಹಾಗೆ ಕೇಳಿಸಬಹುದು. ಈವರೆಗೆ ಕಲಿತದ್ದನ್ನೂ ಮರೆಸಿಬಿಡುತ್ತೆ."

"ಅದಕ್ಕೇನು ಮಾಡ್ತಾರೆ?"

"ಮತ್ತೆ ಆಪರೇಷನ್. ಹಳೇದನ್ನ ತೆಗೆದು ಹೊಸದು. ಸರ್ಜನ್ ನಮ್ಮ ಮಾತಿಗೆ ಕಾಯ್ತಿದಾರೆ. ಶುಕ್ರವಾರ ನಾನು ಹೇಳಬೇಕು."

ಮುಮ್ಮೊಳ ಮುಖ ಶಾಲಿನೊಳಗೆ ಇನ್ನಷ್ಟು ಇಳಿಯಿತು. "ಮಗೂ ತಲೆ ಮತ್ತೆ ಕೊಯ್ಯೋದಾ," ಎಂದಳು. "ಒಂದನ್ನ ಮಣ್ಣಿಗೆ ಹಾಕಿ ಇನ್ನೂ ನೆಲ ಆರಿಲ್ಲ. ಅದೇ ಆಸ್ಪತ್ರೆಗೆ ಇದನ್ನೂ ಕೊಡಲಾ?"

ಹೊಸ ಇಂಪ್ಲಾಂಟ್ ಹಾಕಿದ ಮೇಲೆ ಮಗು ಮೊದಲಿನಿಂದ ಕಲಿಯಬೇಕಾದೀತು, ಕೆಲವರಿಗೆ ಹಿಂದಿನಷ್ಟು ಕೇಳಿಸುವುದೇ ಇಲ್ಲ ಎಂಬುದನ್ನು ಡಾಕ್ಟರ್ ಮಲ್ಲೋಯ್ ಬಾಯಿಬಿಟ್ಟು ಹೇಳಲಿಲ್ಲ. ನಮಗೆ ಅದನ್ನು ತರಗತಿಯಲ್ಲಿ ಹೇಳಿದ್ದರು.

ಆ ವಾರವೆಲ್ಲ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಆ ಮಗುವಿನ ತಲೆ ಕೊಯ್ಯುವ ಮಾತು ನಿಂತಿದ್ದು ನನ್ನ ಕೋಣೆಯಲ್ಲಿ ನಡೆದ ಆಟದ ಮೇಲೆ. ಯಂತ್ರ ಕೆಟ್ಟಿದ್ದರೆ ಕೊಯ್ಯಲೇಬೇಕು. ಕೆಟ್ಟಿಲ್ಲದಿದ್ದರೆ? ಕೆಟ್ಟ ಯಂತ್ರ ಗುಂಯ್ ಎನ್ನಬಹುದು, ಚಟಪಟ ಎನ್ನಬಹುದು. ಅದು ಮಗುವಿಗೆ ತಾಯಿಯ ಹೆಸರು ಹೇಳಿಕೊಡುತ್ತದೆಯೇ? ಹಾಗೆ ಯೋಚಿಸಿದಾಗೆಲ್ಲ ಆ ಕನ್ನಡಿಯ ಎದುರು ಒಬ್ಬಳೇ ಇರಲು ನನಗೆ ಹಿಂಸೆಯಾಗುತ್ತಿತ್ತು. ಪಾಠ ಮುಗಿದ ಮೇಲೆ ಬಕೆಟ್ಟು ಎತ್ತಿಡುವಾಗ ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆ ಹಾಕಿ ಬಾಗಿಲು ದಾಟಿದೆ ಎಂದರೆ ಅಪ್ಪನ ಬಾರಿನಲ್ಲಿ ಯಾರೂ ನಂಬುವುದಿಲ್ಲ.

ಗುರುವಾರ ಬೆಳಿಗ್ಗೆ ಮಕ್ಕಳ ಯಂತ್ರಗಳನ್ನು ಪರೀಕ್ಷಿಸುವಾಗ ಒಂದು ವಿಚಾರ ಹೊಳೆಯಿತು. ಮಗು ಬಂದ ತಕ್ಷಣ ಕಿವಿಯ ಹಿಂದೆ ಕೂತು ಇಂಪ್ಲಾಂಟಿಗೆ ಸದ್ದು ಕಳಿಸುವ ಯಂತ್ರಕ್ಕೆ ಒಂದು ತಂತಿ ಸಿಕ್ಕಿಸಿ, ಅದರ ಇಯರ್‌ಫೋನನ್ನು ನಾವು ಹಾಕಿಕೊಂಡು ಕೇಳುತ್ತೇವೆ. ಯಂತ್ರಕ್ಕೆ ಬರುವ ಸದ್ದು ಸರಿಯಾಗಿದೆಯೇ ಎಂದು ನಮ್ಮ ಕಿವಿಯಿಂದಲೇ ನೋಡುವ ಪದ್ಧತಿ. ಪ್ರತಿ ದಿನ ನೋಡುತ್ತಿದ್ದೆವು, ಪ್ರತಿ ದಿನ ಸರಿ ಇತ್ತು. ಆದರೆ ಅದನ್ನು ನೋಡುತ್ತಿದ್ದದ್ದು ಬಾಗಿಲಲ್ಲಿ, ಎಲ್ಲರೂ ಕೋಟು ಬಿಚ್ಚುತ್ತಿರುವಾಗ. ಮೌನದ ಸರದಿಯಲ್ಲಿ ಯಾರೂ ನೋಡಿರಲಿಲ್ಲ. ಕೋಣೆಯಲ್ಲಿ ಸದ್ದಿಲ್ಲ ಎಂಬುದು ನಮ್ಮ ಕಿವಿಗೇ ಗೊತ್ತಿರುವಾಗ ನೋಡುವುದೇನನ್ನು?

ಐಲಿ ಕೂತಳು, ತುಂಡು ಕೆನ್ನೆಗೆ ಒತ್ತಿದಳು. ತಂತಿ ಸಿಕ್ಕಿಸಿ, ಅವಳ ಹಿಂದೆ ಮಂಡಿಯೂರಿ, ನಾನು ಇಯರ್‌ಫೋನ್ ಹಾಕಿಕೊಂಡೆ. ಆ ಎಂದೆ. ನನ್ನ ದನಿಯೇ ತಗಡಿನ ಡಬ್ಬಿಯಿಂದ ಬಂದಂತೆ ನನಗೆ ಕೇಳಿಸಿತು. ಅವಳು ತುಂಡು ಹಾಕಿದಳು. ಶ್ ಎಂದೆ. ಹಾಕಿದಳು. ಆಮೇಲೆ ಬಳೆ ಎತ್ತಿ ಸುಮ್ಮನಾದೆ.

ಮೊದಲು ಏನೂ ಇಲ್ಲ. ಹೀಟರಿನ ಗಾಳಿ ಮಾತ್ರ. ಆಮೇಲೆ ನನ್ನ ತಲೆಯ ನಟ್ಟನಡುವೆ, ಇಬ್ಬರ ನಡುವೆ ಬೆರಳು ತೂರದಷ್ಟು ಹತ್ತಿರದಿಂದ ಒಂದು ಹೆಣ್ಣು ಪಿಸುಗುಟ್ಟಿತು.

"ಇವತ್ತು ಕೆಂಪು ಕೋಟು ಬೇಡ ಅಂದ್ಲು. ನೋಡು, ಸೈಮಾ, ಎಷ್ಟು ಉದ್ದ ಆಗಿದಾಳೆ."

ಐಲಿ ನಕ್ಕು ತುಂಡು ಬಿಟ್ಟಳು.

ಕೂದಲು ನಿಮಿರುವುದು ಎಂದರೇನು ಎಂದು ನನಗೆ ಗೊತ್ತಾದದ್ದು ಆಗ. ಒಂದು ಕಿವಿಯಿಂದ ಇಯರ್‌ಫೋನ್ ಕಿತ್ತೆ. ಕೋಣೆ ನಿಶ್ಶಬ್ದ. ಮತ್ತೆ ಹಾಕಿಕೊಂಡೆ.

"ಇಲ್ಲೇ ಇದೀಯಲ್ಲ ನೀನು," ಎಂದಿತು ಪಿಸುದನಿ.

ಕನ್ನಡಿಯಲ್ಲಿ ಕಂಡದ್ದು ಬಿಳಿಚಿದ ಮುಖದ ನಾನು, ನಗುತ್ತಿದ್ದ ಮಗು, ಖಾಲಿ ಕುರ್ಚಿ. ಅಲ್ಲಿಂದ ಎದ್ದು ಓಡಬೇಕು ಅನ್ನಿಸಿತು. ಓಡಲಿಲ್ಲ, ಏಕೆಂದರೆ ಮಗುವಿನ ಕಿವಿಗೆ ತಂತಿ ಸಿಕ್ಕಿತ್ತು, ತಂತಿ ನನ್ನ ಕಿವಿಯಲ್ಲಿತ್ತು. ಹಾಗೆ ಮಂಡಿಯೂರಿ ಕೂತಿದ್ದಾಗ ಮೂರನೆಯ ಸದ್ದು ಕೇಳಿಸಿತು. ಟಿಕ್ ಟಿಕ್ ಟಿಕ್, ಲೋಹಕ್ಕೆ ಲೋಹ ತಾಗುವುದು. ಹೆಣಿಗೆ ಕಡ್ಡಿಗಳು.

ತಂತಿ ಬಿಚ್ಚಿ, ಟೆರೆಲ್‌ಗೆ ಕೈಸನ್ನೆ ಮಾಡಿ ಮಗುವಿನ ಬಳಿ ಕರೆದು, ಹಿಂದಿನ ಕೋಣೆಗೆ ಹೋದೆ. ಗಾಜಿನ ಬೆಳಕಷ್ಟೇ ಇದ್ದ ಆ ಕತ್ತಲಲ್ಲಿ ಮುಮ್ಮೊ ತಲೆ ಎತ್ತಿದಳು.

"ಏನಾಯ್ತು ಮಗಾ? ನಿನ್ನ ಮುಖ ಹೀಗ್ಯಾಕಾಗಿದೆ?"

"ಮುಮ್ಮೊ, ಶಾಲು ಸ್ವಲ್ಪ ಸರಿಸ್ತೀಯಾ?"

ಅವಳು ಸರಿಸಿದಳು. ಅವಳು ಹಾಕಿಕೊಂಡಿದ್ದದ್ದು ಸೈಮಾಳ ನೀಲಿ ಸ್ವೆಟರು. ಅದರ ಕಾಲರಿನಲ್ಲಿ ಗುಂಡಿಯಷ್ಟು ದೊಡ್ಡ ಮೈಕು, ಹಸಿರು ದೀಪ ಉರಿಯುತ್ತ. ನಾನು ಅವಳ ಎದುರಿಗೆ ನೆಲದ ಮೇಲೇ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂದವು.

"ಇದನ್ನ ಯಾವತ್ತಿಂದ ಹಾಕ್ಕೊಂಡಿದೀಯ?"

"ಡೆರೆಕ್ ಹಡಗಿಗೆ ಹೋದಾಗಿಂದ. ಅವನು ಡ್ರಾಯರಿನೊಳಗೆ ಎಸೆದುಬಿಟ್ಟಿದ್ದ, ನೋಡೋಕಾಗಲ್ಲ ಅಂತ. ನನಗೆ ಸೈಮಾ ಕೆಲಸ ಅಂತ ಕಲಿಸಿಕೊಟ್ಟದ್ದು ಇದೊಂದೇ. ರಾತ್ರಿ ಚಾರ್ಜಿಗೆ ಹಾಕಬೇಕು, ಬೆಳಿಗ್ಗೆ ಹಾಕ್ಕೋಬೇಕು, ಮಗು ಹತ್ರ ಮಾತಾಡಬೇಕು. ಬಸ್ಸಲ್ಲಿ ಮಾತಾಡ್ತೀನಿ ನಾನು." ಅವಳು ಮೈಕನ್ನು ಬೆರಳಿಂದ ಸವರಿದಳು. "ಯಾಕೆ, ಹಾಕ್ಕೋಬಾರದಿತ್ತಾ?"

"ಇಲ್ಲಿ ಕೂತು ನೀನು ಸೈಮಾ ಹತ್ರ ಮಾತಾಡ್ತೀಯ."

ಅವಳು ಕಡ್ಡಿಗಳನ್ನು ಜೋಡಿಸಿ ಮಡಿಲಲ್ಲಿಟ್ಟಳು.

"ಆ ಕುರ್ಚಿ ಕಾಣುತ್ತಲ್ಲ ಇಲ್ಲಿಂದ," ಎಂದಳು ಕೊನೆಗೆ. "ಖಾಲಿ ಇರುತ್ತಲ್ಲ. ಮನೇಲಿ ಅವಳ ಹತ್ರ ಮಾತಾಡೋಕೆ ಬಾಯಿ ಬರಲ್ಲ. ಇಲ್ಲಿ ಬರುತ್ತೆ. ಮಗು ಏನು ತಿಂತು, ಏನು ಬೇಡ ಅಂತು, ಎಲ್ಲಾ ಹೇಳ್ತೀನಿ. ತಾಯಿಗೆ ಗೊತ್ತಾಗಬೇಕಲ್ಲ." ಆಮೇಲೆ ಥಟ್ಟನೆ ನನ್ನ ಮುಖ ನೋಡಿದಳು. "ನಾನು ಪಿಸುಗುಟ್ಟೋದು. ಪಕ್ಕದಲ್ಲಿ ಕೂರೋ ಆ ಹುಡುಗನಿಗೂ ಕೇಳಿಸಲ್ಲ."

"ನಮಗೆ ಯಾರಿಗೂ ಕೇಳಿಸಲ್ಲ ಮುಮ್ಮೊ. ಐಲಿಗೆ ಕೇಳಿಸುತ್ತೆ."

ಅವಳು ಗಾಜಿನತ್ತ ತಿರುಗಿದಳು. ಆ ಕಡೆ ಟೆರೆಲ್ ತಲೆಯ ಮೇಲೆ ಬಕೆಟ್ಟು ಇಟ್ಟುಕೊಂಡು ಕುಣಿಯುತ್ತಿದ್ದ. ಐಲಿ ಅವನನ್ನು ನೋಡುತ್ತಿರಲಿಲ್ಲ. ನಮ್ಮನ್ನೇ, ಅಂದರೆ ತನ್ನ ಪ್ರತಿಬಿಂಬವನ್ನೇ ನೋಡುತ್ತ, ನಾವಾಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತ ನಿಂತಿದ್ದಳು. ಮುಮ್ಮೊಳ ಕೈ ಮೈಕಿನ ಮೇಲೆ ಹೋಗಿ ಅದನ್ನು ಆರಿಸಿತು. ಗಾಜಿನಾಚೆ ಮಗುವಿನ ಮುಖದ ಮೇಲಿನ ಬೆಳಕು ಯಾರೋ ಗುಂಡಿ ಒತ್ತಿದಂತೆ ಹೋಯಿತು. ಅದನ್ನು ನಾನು ಸಾಯುವವರೆಗೆ ಮರೆಯಲಾರೆ.

ಡಾಕ್ಟರ್ ಮಲ್ಲೋಯ್ ಕತೆ ಕೇಳಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಾವು ಎಲ್ಲವನ್ನೂ ನಮ್ಮ ಕಿವಿಯಿಂದ ಅಳೆಯುತ್ತೇವೆ. ನಮಗೆ ಕೇಳಿಸದ್ದು ಸದ್ದೇ ಅಲ್ಲ, ಕಿವುಡು ಮಗುವಿಗೆ ಅದು ಕೇಳಿಸಿತೆಂದರೆ ಮಗುವೇ ತಪ್ಪು, ಇಲ್ಲವೇ ಯಂತ್ರ. ಅವರು ಎದ್ದು ಸರ್ಜನ್‌ಗೆ ಫೋನ್ ಮಾಡಿ ಆಪರೇಷನ್ ಬೇಡ ಎಂದರು. ಫೋನ್ ಇಟ್ಟ ಮೇಲೆ ನನ್ನನ್ನೇ ನೋಡಿದರು.

"ತಲೆ ಉಳೀತು," ಎಂದರು. "ಈಗ ಆ ಮಗುಗೆ ಯಾರು ಹೇಳ್ತಾರೆ? ನವೆಂಬರಿನಲ್ಲಿ ಹೋದ ತಾಯಿ ಏಪ್ರಿಲ್‌ನಲ್ಲಿ ವಾಪಸ್ ಬಂದಿದಾಳೆ ಅಂತ ಅಂದುಕೊಂಡಿದೆ ಅದು. ತಲೆಯೊಳಗೇ ಕೇಳಿಸೋ ಆ ಮಾತು ಅದರ ಪಾಲಿಗೆ ಯಾವತ್ತೂ ಸೈಮಾಳದೇ. ಪಿಸುಗುಟ್ಟಿದ್ರೆ ಯಾರ ದನಿಯೂ ಒಂದೇ ಥರ."

"ಮುಮ್ಮೊ ಹೇಳಬೇಕು."

"ಅವಳು ಆ ಕುರ್ಚಿ ಹತ್ರ ಬರಲ್ಲ."

ಶುಕ್ರವಾರ ಬೆಳಿಗ್ಗೆ ಮುಮ್ಮೊ ಮೈಕನ್ನು ಆರಿಸಿ ನನ್ನೆದುರೇ ಜೇಬಿಗೆ ಹಾಕಿ ಹಿಂದಿನ ಕೋಣೆಗೆ ಹೋದಳು. ಡಾಕ್ಟರ್ ಮಲ್ಲೋಯ್ ಕೂಡ ಅಲ್ಲೇ ಕೂತರು. ಇಯರ್‌ಫೋನ್ ಕೊರಳಿಗೆ ನೇತುಹಾಕಿಕೊಂಡು ನಾನು ಐಲಿಯ ಪಕ್ಕ ಕೂತೆ. ಆ, ಶ್, ಮ್. ಒಂದೂ ತಪ್ಪಲಿಲ್ಲ. ಆಮೇಲೆ ಬಳೆ ಎತ್ತಿ ಮೌನ ಹಿಡಿದೆ.

ಐಲಿ ತುಂಡನ್ನು ಕೆನ್ನೆಗೆ ಒತ್ತಿ ಕನ್ನಡಿಯತ್ತ ತಿರುಗಿದಳು. ಕಾದಳು. ತಲೆ ವಾಲಿಸಿದಳು. ಇನ್ನಷ್ಟು ಕಾದಳು. ತುಂಡು ಕೈಯಲ್ಲೇ ಉಳಿಯಿತು. ಇದೇ ನಮಗೆ ಬೇಕಾಗಿದ್ದದ್ದು, ಕನ್ನಡಿಯ ಹಿಂದೆ ಟೆರೆಲ್ ಸರಿ ಎಂದು ಗುರುತು ಹಾಕಿರಬೇಕು.

ಅವಳು ಎದ್ದು ಕನ್ನಡಿಯ ಹತ್ತಿರ ಹೋಗಿ ಗಾಜಿಗೆ ಬಾಯಿ ತಾಗಿಸಿ ಹೇಳಿದಳು.

"ಮಮಾ, ಕೇಳಿಸ್ತಿಲ್ಲ."

ಯಂತ್ರದ ಬ್ಯಾಟರಿ ಮುಗಿದಾಗ ಹೇಳಬೇಕೆಂದು ನಾವು ಪ್ರತಿ ಮಗುವಿಗೂ ಕಲಿಸುವ ಮಾತು ಅದು. ಮಗು ತನಗೆ ತಾನೇ ಕಾವಲಾಗುವ ಮೊದಲ ಮಾತು. ಸೈಮಾ ಅದನ್ನು ಕಲಿಸಲು ಎಷ್ಟು ಬಡಿದಾಡಿದ್ದಳು. ಬ್ಯಾಟರಿ ಸತ್ತಾಗೆಲ್ಲ ಐಲಿ ಹುಟ್ಟಿನ ಮೌನಕ್ಕೆ ಮರಳಿ ತೆಪ್ಪಗೆ ಕೂತುಬಿಡುತ್ತಿದ್ದಳೇ ಹೊರತು ಒಂದು ಸಲವೂ ಹೇಳಿರಲಿಲ್ಲ.

ಬಾಗಿಲು ತೆರೆಯಿತು. ಮುಮ್ಮೊ ಬಂದಳು. ಯಾರನ್ನೂ ನೋಡದೆ ನೇರ ಬಂದು ಅಮ್ಮನ ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಮೇಲೆ ಕೂತಳು. ಮೈಕನ್ನು ಜೇಬಿನಿಂದ ತೆಗೆದು ದೀಪ ಹಚ್ಚಿ, ಕಾಲರಿಗೆ ಸಿಕ್ಕಿಸಿಕೊಂಡಳು. ಐಲಿ ತಟ್ಟನೆ ತಿರುಗಿದಳು.

"ಇದು ಮುಮ್ಮೊ," ಎಂದು ಪಿಸುಗುಟ್ಟಿದಳು ಅಜ್ಜಿ. ಬಾಯಿಗೆ ಏನನ್ನೂ ಅಡ್ಡ ಹಿಡಿಯಲಿಲ್ಲ, ತುಟಿ ಕಾಣುವಂತೆ ಮುಖ ಎತ್ತಿದಳು. "ನೋಡು, ಪುಟ್ಟೀ. ಮುಮ್ಮೊ ಮಾತಾಡ್ತಿರೋದು. ನಿನ್ನೆನೂ ಮುಮ್ಮೊ. ಮೊನ್ನೆನೂ ಮುಮ್ಮೊ."

ಐಲಿ ಹತ್ತಿರ ಬಂದು ಅಜ್ಜಿಯ ತುಟಿಯ ಮೇಲೆ ಬೆರಳಿಟ್ಟಳು. "ನೋಡು, ಸೈಮಾ," ಎಂದಳು ಮುಮ್ಮೊ, ಬೆರಳಿನ ಹಿಂದಿನಿಂದ. ಮಗುವಿನ ಕಣ್ಣು ತುಟಿಯಿಂದ ಮೈಕಿಗೆ, ಮೈಕಿನಿಂದ ಕನ್ನಡಿಗೆ ಹೋಯಿತು. ಆಮೇಲೆ ಅವಳು ಬಾಗಿಲಿನಾಚೆ ಓಡಿದಳು. ನಾವಿಬ್ಬರೂ ಹಿಂದೆಯೇ ಹೋದೆವು. ಹಿಂದಿನ ಕೋಣೆಯ ಬಾಗಿಲು ತೆರೆದು ನೋಡಿದಳು. ಟೆರೆಲ್ ಇದ್ದ, ಡಾಕ್ಟರ್ ಮಲ್ಲೋಯ್ ಇದ್ದರು, ಮೂಲೆಯ ಕುರ್ಚಿಯ ಮೇಲೆ ಹೆಣಿಗೆ ಇತ್ತು. ಅವಳು ಹೆಣಿಗೆ ಎತ್ತಿ ಅದರ ಕೆಳಗೂ ನೋಡಿದಳು.

"ಮಮಾ?"

ಮುಮ್ಮೊ ಅವಳೆದುರು ಕುಕ್ಕರುಗಾಲಲ್ಲಿ ಕೂತಳು. "ಮಮಾ ಇಲ್ಲ," ಎಂದಳು. "ಮಮಾ ಸತ್ತುಹೋದಳು. ಇಲ್ಲಿ ಇಲ್ಲ. ಮನೇಲಿ ಇಲ್ಲ. ಬರಲ್ಲ." ಮಗುವಿಗೆ ಗೊತ್ತಿದ್ದ ಮಾತಿನಲ್ಲೇ ಹೇಳಿದಳು, ಒಂದು ಹೊಸ ಮಾತು ಸೇರಿಸಿ. ಐಲಿ ಆ ಹೊಸ ಮಾತನ್ನು ಒಮ್ಮೆ ನಾಲಗೆಯ ಮೇಲೆ ಹೊರಳಿಸಿದಳು, ನಾವು ಕಲಿಸಿದ ಎಲ್ಲ ಮಾತುಗಳನ್ನು ಹೊರಳಿಸುವಂತೆ. "ಸತ್ತು," ಎಂದಳು. ಸ್ ಸ್ಪಷ್ಟವಾಗಿತ್ತು. ಡಾಕ್ಟರ್ ಮಲ್ಲೋಯ್ ಮುಖ ತಿರುಗಿಸಿಕೊಂಡರು.

ಅವಳು ಅಳಲಿಲ್ಲ. ಅಜ್ಜಿಯ ಕಾಲರಿನಿಂದ ಮೈಕನ್ನು ತಾನೇ ಬಿಚ್ಚಿಕೊಂಡು, ನಮ್ಮ ಕೋಣೆಗೆ ವಾಪಸು ನಡೆದು, ಮೇಜಿನ ಬಳಿ ತನ್ನ ಜಾಗದಲ್ಲಿ ಕೂತಳು. ಒಂದು ಕೈಯಲ್ಲಿ ಮರದ ತುಂಡು. ಇನ್ನೊಂದು ಕೈಯಲ್ಲಿ ಮೈಕು. ಮುಮ್ಮೊ ಬಂದು ಕುರ್ಚಿಯಲ್ಲಿ ಕೂತಳು. ಐಲಿ ನಮ್ಮಿಬ್ಬರಿಗೂ ಬೆನ್ನು ಹಾಕಿ, ಮೈಕನ್ನು ತುಟಿಗೆ ತಾಗಿಸಿ ಏನನ್ನೋ ಪಿಸುಗುಟ್ಟಿದಳು. ಅದು ಹೋಗುತ್ತಿದ್ದದ್ದು ಅವಳ ತಲೆಯೊಳಗೇ. ಇಯರ್‌ಫೋನ್ ನನ್ನ ಕೊರಳಲ್ಲಿತ್ತು, ತಂತಿ ಕೈಗೆಟುಕುವಷ್ಟು ಹತ್ತಿರವಿತ್ತು. ನಾನು ಅದನ್ನು ಮುಟ್ಟಲಿಲ್ಲ.

ಕೋಣೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಐಲಿ ತಲೆ ವಾಲಿಸಿ ಕೇಳಿಸಿಕೊಂಡಳು. ಆಮೇಲೆ ಕೈ ಚಾಚಿ ತುಂಡನ್ನು ಬಕೆಟ್ಟಿಗೆ ಹಾಕಿದಳು.